ಮಬ್ಬು ಬೆಳಕಿನ ಊರುಗಳು

ನಮ್ಮಲ್ಲಿ ಫೋಟೊ ತೆಗೆಯುವವರ ವರ್ಷ ಶುರುವಾಗುವುದು ದಸರೆಗೆ. ಮಳೆ ಹಿಂದೆ ಸರಿದು, ಆಕಾಶ ತಿಳಿಯಾಗಿ, ಸಂಜೆಬಿಸಿಲು ಗೋಡೆಗಳ ಮೇಲೆ ಹಳದಿಯಾಗಿ ಬೀಳತೊಡಗಿತೆಂದರೆ ಕ್ಯಾಮೆರಾಗಳು ಹೊರಬರುತ್ತವೆ. ಶಿವರಾತ್ರಿಯವರೆಗೂ ಓಡಾಟವೋ ಓಡಾಟ. ಮುಂಗಾರು ಹಿಡಿಯಿತೋ, ಎಲ್ಲವೂ ಮತ್ತೆ ಬೀರುವಿಗೆ. ‘ಲೈಟೇ ಇಲ್ಲ, ಏನು ತೆಗೆಯೋದು’ ಎಂಬ ಒಂದೇ ಮಾತಿಗೆ ಹೆಚ್ಚುಕಡಿಮೆ ಅರ್ಧ ವರ್ಷ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಮಲೆನಾಡಿನ ಮಟ್ಟಿಗೆ ಇದು ಅನ್ಯಾಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿನ ಮನೆಗಳ ಮಾಡು ಅಷ್ಟು ಇಳಿಜಾರಾಗಿರುವುದು, ಜಗಲಿ ಅಷ್ಟು ಅಗಲವಾಗಿರುವುದು, ಬೇಸಿಗೆಯಲ್ಲೇ ಸೌದೆ ಪೇರಿಸಿಡುವುದು, ಎಲ್ಲವೂ ಆ ನಾಲ್ಕು ತಿಂಗಳಿಗಾಗಿ. ಆದರೂ ಆಗುಂಬೆಯ ಚಿತ್ರ ಎಂದರೆ ನಮ್ಮ ಕಣ್ಣಿಗೆ ಬರುವುದು ಸೂರ್ಯಾಸ್ತ. ವಾರಗಟ್ಟಲೆ ಬಿಸಿಲು ಕಾಣದೆ ಬಾಳುವ ಊರಿನ ಆ ಬಾಳು ಚಿತ್ರಗಳಲ್ಲಿ ಬಂದೇ ಇಲ್ಲ.

ಮೋಡ ಕವಿದ, ಮಂಜು ಇಳಿದ, ಸೋನೆ ಹಿಡಿದ ದಿನಗಳಲ್ಲಿ ಯಾರೂ ನಿಂತು ನೋಡದ ಜಾಗಗಳನ್ನು ಹುಡುಕಿಕೊಂಡು ಹೋಗಿ ಚಿತ್ರ ತೆಗೆಯುವುದು ನನ್ನ ಬಹುಕಾಲದ ಗೀಳು. ಜನರಿಲ್ಲದ ರಸ್ತೆ, ಬೀಗ ಜಡಿದ ವಸತಿಗೃಹ, ಹಿನ್ನೀರಿನ ದಡದ ಮೊಂಡು ಮರ, ಸಂತೆ ಇಲ್ಲದ ದಿನದ ಸಂತೆಮಾಳ. ನೋಡಿದವರು ‘ಇಷ್ಟೊಂದು ಬೇಸರದ ಚಿತ್ರಗಳೇಕೆ’ ಎಂದು ಕೇಳುವುದುಂಟು. ನನಗೆ ಅವುಗಳಲ್ಲಿ ಬೇಸರ ಕಂಡಿಲ್ಲ. ಜನ ಬಿಟ್ಟುಹೋದ ಜಾಗಕ್ಕೂ ಒಂದು ಚರಿತ್ರೆ ಇದೆ, ಅದು ಮಬ್ಬು ಬೆಳಕಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಇಂಥ ಚಿತ್ರಗಳೇ ಮುಂದೊಂದು ದಿನ ಆ ಊರಿಗೆ ಉಳಿಯುವ ದಾಖಲೆ ಎಂಬುದು ನನ್ನ ನಂಬಿಕೆ.

<b>ಮಂಜಿನೊಳಗೆ ಕಾಣುವುದೇನು?</b>

ಮೊದಲು ಹವೆಯ ವಿಷಯ. ಘಟ್ಟದ ಮಳೆಗಾಲದ ಮಂಜು ನಿಜವಾಗಿ ಮೋಡವೇ. ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ಹಿಗ್ಗಿ ತಣಿಯುತ್ತದೆ, ತೇವ ಹನಿಗಟ್ಟುತ್ತದೆ. ಕರಾವಳಿಯಲ್ಲಿ ನಿಂತು ನೋಡುವವರಿಗೆ ಅದು ಬೆಟ್ಟಕ್ಕೆ ಒರಗಿದ ಮೋಡ. ಒಳಗೆ ಸಿಕ್ಕಿಕೊಂಡವರಿಗೆ ಮಂಜು. ಅದು ಇಡೀ ದಿನ ಇರುತ್ತದೆ. ಗಾಳಿಗೆ ಹರಿಯುತ್ತದೆ, ಎರಡು ನಿಮಿಷ ಕಣಿವೆ ತೋರಿಸಿ ಮತ್ತೆ ಮುಚ್ಚುತ್ತದೆ. ಮಾಗಿಯ ಮಂಜಿನ ರೀತಿಯೇ ಬೇರೆ. ರಾತ್ರಿ ಆಕಾಶ ತಿಳಿಯಾಗಿದ್ದು, ಗಾಳಿ ನಿಂತು, ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಅದು ಕೆರೆಯಂಗಳಗಳಲ್ಲಿ, ಗದ್ದೆಬಯಲುಗಳಲ್ಲಿ, ಕಾಫಿತೋಟದ ತಗ್ಗುಗಳಲ್ಲಿ ತಂಗುತ್ತದೆ. ಬಿಸಿಲೇರುತ್ತಿದ್ದಂತೆ ಕರಗಿಹೋಗುತ್ತದೆ. ಮಳೆಗಾಲದ ಮಂಜಿಗೆ ಕಾಯುವ ತಾಳ್ಮೆ ಬೇಕು, ಮಾಗಿಯದಕ್ಕೆ ಬೆಳಗಿನ ಜಾವದಲ್ಲಿ ಏಳುವ ಮನಸ್ಸು.

ಮಂಜಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮನೆ ಚೆದುರಿಸುವುದರಿಂದ ಮಂಜು ಬೆಳ್ಳಗೆ ಕಾಣುತ್ತದೆ. ಕಣ್ಣಿಗೂ ವಸ್ತುವಿಗೂ ನಡುವೆ ದೂರ ಹೆಚ್ಚಿದಷ್ಟೂ ಈ ಬಿಳುಪಿನ ಪದರ ದಪ್ಪವಾಗುತ್ತದೆ. ಹತ್ತಿರದ ಮರ ಕಪ್ಪು, ಅದರ ಹಿಂದಿನದು ಬೂದು, ಮೂರನೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಬಿಸಿಲಿನಲ್ಲಿ ಒಂದು ತೋಟದ ನೂರು ಮರಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ಮಂಜಿನಲ್ಲಿ ಅವೇ ಮರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬರೀ ಮೋಡ ಕವಿದ ದಿನವೂ ಹೀಗೇ ಉಪಕಾರಿ. ಆಗ ಬೆಳಕು ಇಡೀ ಆಕಾಶದಿಂದ ಇಳಿಯುತ್ತದೆ, ಗಾಢ ನೆರಳು ಬೀಳುವುದಿಲ್ಲ. ಸುಣ್ಣ ಕಿತ್ತುಬಂದ ಗೋಡೆಯ ಮೇಲೆ ಪಾಚಿ ಎಲ್ಲಿಂದ ಹತ್ತಿದೆ, ಎಲ್ಲಿ ಒಣಗಿದೆ, ಕಲ್ಲುಹೂವು ಯಾವ ಸಂದಿಯಲ್ಲಿ ಬೇರೂರಿದೆ ಎಂಬುದೆಲ್ಲ ಕಾಣುವುದು ಆ ಬೆಳಕಿನಲ್ಲೇ.

ಕ್ಯಾಮೆರಾಕ್ಕೆ ಈ ಬಿಳುಪು ಅರ್ಥವಾಗುವುದಿಲ್ಲ. ಅದರ ಮೀಟರು ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಎಂದೇ ಎಣಿಸಿ ಲೆಕ್ಕ ಹಾಕುತ್ತದೆ. ಹಾಗೆ ಬಿಟ್ಟರೆ ಬಿಳಿ ಮಂಜು ಕೊಳಕು ಬೂದಿಯಾಗಿ ಬರುತ್ತದೆ. ಮುಕ್ಕಾಲು ಸ್ಟಾಪ್, ಕೆಲವೊಮ್ಮೆ ಒಂದು ಸ್ಟಾಪ್ ಬೆಳಕು ಹೆಚ್ಚಿಸಿಕೊಂಡರೆ ಮಂಜು ಮಂಜಾಗಿ ಉಳಿಯುತ್ತದೆ. ಮೊಬೈಲಿನಲ್ಲೂ ಇದು ಸಾಧ್ಯ: ಪರದೆಯನ್ನು ಬೆರಳಿನಿಂದ ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಎಳೆದರಾಯಿತು.

ಈ ಹಾದಿಯಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಮೈಕಲ್ ಕೆನ್ನಾ ಅವರದು. 1953ರಲ್ಲಿ ಲ್ಯಾಂಕಶೈರ್ ಸೀಮೆಯ ವಿಡ್ನೆಸ್ ಎಂಬ ಕಾರ್ಖಾನೆಗಳ ಊರಿನಲ್ಲಿ ಹುಟ್ಟಿದವರು. ಚೌಕಾಕಾರದ ಕಪ್ಪು ಬಿಳುಪು ಚಿತ್ರ, ಮನುಷ್ಯರಿಲ್ಲದ ನೋಟ, ಗಂಟೆಗಟ್ಟಲೆ ಶಟರ್ ತೆರೆದಿಟ್ಟ ರಾತ್ರಿಗಳು ಅವರ ಗುರುತು. ಜಪಾನಿನ ಹೊಕ್ಕೈಡೊ ದ್ವೀಪದ ಹಿಮದಲ್ಲಿ ಒಂಟಿ ಮರಗಳನ್ನು ಚಿತ್ರಿಸಿ ಅವರು ಲೋಕಪ್ರಸಿದ್ಧರಾದರು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ರ‍್ಯಾಟ್‌ಕ್ಲಿಫ್ ಚಿತ್ರಗಳು. ನಾಟಿಂಗ್‌ಹ್ಯಾಮ್ ಬಳಿಯ ಆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಎಂಟು ದೈತ್ಯ ತಂಪುಗೋಪುರಗಳನ್ನು ಅವರು 1980ರ ದಶಕದಿಂದ ಮಂಜಿನಲ್ಲಿ, ಇರುಳಿನಲ್ಲಿ, ಹೊಲದ ಬೇಲಿಯ ಆಚೆಯಿಂದ ಮತ್ತೆ ಮತ್ತೆ ಚಿತ್ರಿಸಿದರು. ಆಗ ಅದನ್ನು ಸುಂದರ ಎಂದು ಯಾರೂ ನೋಡುತ್ತಿರಲಿಲ್ಲ. 2024ರ ಸೆಪ್ಟೆಂಬರ್ 30ರಂದು ಆ ಸ್ಥಾವರ ಮುಚ್ಚಿತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದು. ಕೆನ್ನಾ ತೆಗೆದ ಚಿತ್ರಗಳನ್ನು ಇನ್ನು ಒಂದು ಯುಗದ ದಾಖಲೆಯೆಂದೂ ನೋಡಬೇಕಾಗುತ್ತದೆ.

<b>ಕುದುರೆಮುಖದ ಖಾಲಿ ಬೀದಿ</b>

ನಮ್ಮ ರ‍್ಯಾಟ್‌ಕ್ಲಿಫ್ ಯಾವುದೆಂದು ಕೇಳಿದರೆ ನಾನು ಕುದುರೆಮುಖ ಎನ್ನುತ್ತೇನೆ. ಬೆಟ್ಟದ ಶಿಖರದ ಮಾತಲ್ಲ, ಅದರ ಹೆಸರು ಹೊತ್ತ ಕಂಪನಿಯ ಊರು. 1976ರಲ್ಲಿ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಇರಾನಿನ ಹಣದ ಬಲದಿಂದ, ಇರಾನಿಗೇ ಅದಿರು ಮಾರುವ ಕರಾರಿನಿಂದ ಶುರುವಾದ ಯೋಜನೆ. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಆದರೂ ಗಣಿ ನಿಲ್ಲಲಿಲ್ಲ. ಬೆಟ್ಟ ಕಡಿದು, ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟೆ ಕಟ್ಟಿದರು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಪರಿಸರ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಕೊನೆಗೊಂಡಿತು. ಭದ್ರಾ ನದಿಗೆ ಅದು ಒಳ್ಳೆಯದೇ ಆಯಿತು. ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗಣಿಯ ಸುತ್ತ ಬೆಳೆದಿದ್ದ ಊರಿನಿಂದ ಜನ ಸಂಸಾರ ಕಟ್ಟಿಕೊಂಡು ಇಳಿದುಹೋದರು. ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಾಲು ಸಾಲು ಕ್ವಾರ್ಟರ್ಸ್ ಇದ್ದ ಊರು ಅದು.

ಆಷಾಢದ ಮಳೆಯಲ್ಲಿ ಆ ಬೀದಿಗಳಲ್ಲಿ ನಡೆದರೆ ಮೊದಲು ಕಿವಿಗೆ ಬೀಳುವುದು ಸುರಿಯುವ ನೀರಿನ ಬೇರೆಬೇರೆ ಸದ್ದು. ತಗಡಿನ ಮೇಲೆ ಒಂದು, ಸಿಮೆಂಟಿನ ಮೇಲೆ ಒಂದು, ಹುಲ್ಲಿನ ಮೇಲೆ ಇನ್ನೊಂದು. ಒಂದು ಮನೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕೆಂಪು ಗಾರೆಯ ಮೆಟ್ಟಿಲು, ನಡುವೆ ಕಾಲು ತುಳಿದು ತುಳಿದು ಸವೆದ ಹೊಳಪು ಇನ್ನೂ ಇದೆ, ಅಂಚಿನುದ್ದಕ್ಕೂ ಪಾಚಿ. ಬಾಗಿಲ ಪಕ್ಕ ಬಣ್ಣದಲ್ಲಿ ಬರೆದ ಮನೆ ನಂಬರು, ಅರ್ಧ ಅಳಿಸಿದೆ. ಕಿಟಕಿಯ ಸರಳಿನಿಂದ ಎದುರಿನ ಕಂಬಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದು, ತುಕ್ಕು ಹಿಡಿದು ಮಳೆಹನಿಗಳನ್ನು ಸಾಲಾಗಿ ಹೊತ್ತಿದೆ. ಅಂಗಳದಲ್ಲಿ ಯಾರೋ ನೆಟ್ಟ ದಾಸವಾಳ ಈಗ ಮಾಡಿನೆತ್ತರಕ್ಕೆ ಬೆಳೆದು ಕೆಂಪಗೆ ಹೂ ಬಿಟ್ಟಿದೆ. ಕೀಳುವವರಿಲ್ಲ.

ಮಳೆಯಲ್ಲಿ ಆ ಮನೆಯ ಚಿತ್ರ ತೆಗೆಯುವುದರಲ್ಲಿ ಒಂದು ತಾಂತ್ರಿಕ ಸೂಕ್ಷ್ಮವಿದೆ. ಬೂದು ಆಕಾಶದ ಎದುರು ಮಳೆ ಚಿತ್ರದಲ್ಲಿ ಮೂಡುವುದೇ ಇಲ್ಲ. ಮಳೆ ಕಾಣಬೇಕಾದರೆ ಹಿಂದೆ ಕತ್ತಲಿರಬೇಕು. ತೆರೆದ ಬಾಗಿಲಿನ ಒಳಗಿನ ಕತ್ತಲೆ, ಮಳೆಗೆ ನೆನೆದು ಕಪ್ಪಾದ ಕಾಂಡ, ದಟ್ಟ ಕಾಡಿನ ಅಂಚು ಇಂಥವು. ಶಟರ್ ಸೆಕೆಂಡಿನ ಐನೂರನೇ ಒಂದು ಭಾಗವಿದ್ದರೆ ಹನಿಗಳು ಚುಕ್ಕೆಗಳಾಗಿ ನಿಲ್ಲುತ್ತವೆ. ಅರವತ್ತನೇ ಒಂದು ಭಾಗಕ್ಕೆ ಇಳಿಸಿದರೆ ಗೆರೆಗಳಾಗಿ ಇಳಿಯುತ್ತವೆ. ಖಾಲಿ ಮನೆಗೆ ಗೆರೆಗಳೇ ಸರಿ ಎಂದು ನನ್ನ ಅಭಿಪ್ರಾಯ. ಮಳೆ ಸುರಿಯುತ್ತಲೇ ಇದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಅಲ್ಲಿಗೆ ಹೋಗುವವರು ನೆನಪಿಡಬೇಕಾದ್ದು: ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ ಚೆಕ್‌ಪೋಸ್ಟಿನವರು ಹೊತ್ತು ಬರೆದುಕೊಡುತ್ತಾರೆ, ನಡುವೆ ಕಂಡಕಂಡಲ್ಲಿ ವಾಹನ ನಿಲ್ಲಿಸುವಂತಿಲ್ಲ. ಗಣಿ ಪ್ರದೇಶಕ್ಕೆ ಪ್ರವೇಶವಿಲ್ಲ. ಕ್ವಾರ್ಟರ್ಸುಗಳು ಖಾಲಿ ಇದ್ದ ಮಾತ್ರಕ್ಕೆ ವಾರಸುದಾರರಿಲ್ಲದವಲ್ಲ. ಕಾವಲುಗಾರರನ್ನು ಕೇಳಿಯೇ ಹತ್ತಿರ ಹೋಗಬೇಕು. ಕೇಳಿದರೆ ಅವರು ಹಳೆಯ ಕಥೆಗಳನ್ನೂ ಹೇಳುತ್ತಾರೆ. ಚಿತ್ರದಷ್ಟೇ ಬೆಲೆಯುಳ್ಳವು ಅವು.

<b>ಹಿನ್ನೀರಿನ ಮೊಂಡು ಮರಗಳು</b>

ಶರಾವತಿಯ ಹಿನ್ನೀರಿಗೆ ಬೇರೆಯದೇ ಋತು. ರೋಹಿಣಿ ಮಳೆ ಮುಗಿದು ಮೃಗಶಿರಾ ಕಾಲಿಡುವ ಹೊತ್ತು, ಅಂದರೆ ಜೂನ್ ಮೊದಲ ವಾರಗಳು. ಆಗ ಲಿಂಗನಮಕ್ಕಿ ಜಲಾಶಯದಲ್ಲಿ ನೀರು ತಳಕ್ಕಿಳಿದಿರುತ್ತದೆ, ಆಕಾಶದಲ್ಲಿ ಮುಂಗಾರಿನ ಕಪ್ಪು ಮೋಡ ಕಟ್ಟಿರುತ್ತದೆ. ನೀರಿಲ್ಲದ ನೆಲ, ನೀರು ತುಂಬಿದ ಆಕಾಶ ಎರಡೂ ಒಟ್ಟಿಗೆ ಸಿಗುವುದು ಆ ಕೆಲವು ದಿನಗಳಲ್ಲಿ ಮಾತ್ರ. 1964ರಲ್ಲಿ ಅಣೆಕಟ್ಟೆ ಮುಗಿದು ಕಣಿವೆ ಮುಳುಗಿದಾಗ ಮುಳುಗಿದ ಕಾಡಿನ ಮರಗಳ ಮೊಂಡುಗಳು ಇಂದಿಗೂ ಬೂದು ಬಣ್ಣಕ್ಕೆ ತಿರುಗಿ ನಿಂತಿವೆ. ಮಡೆನೂರಿನ ಬಳಿ ಇನ್ನೊಂದು ಅಣೆಕಟ್ಟೆಯೇ ಮೇಲೇಳುತ್ತದೆ. ಜೋಗದ ವಿದ್ಯುತ್ ಯೋಜನೆಗೆಂದು 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ ಅದು. ದೊಡ್ಡ ಅಣೆಕಟ್ಟೆ ಬಂದ ಮೇಲೆ ಚಿಕ್ಕದು ಅದರ ನೀರಿನೊಳಗೇ ಹೋಯಿತು. ಬರಗಾಲದ ಬೇಸಿಗೆಯಲ್ಲಿ ಅದರ ಗೋಡೆಯ ಮೇಲೆ ಜನ ನಡೆದಾಡುತ್ತಾರೆ, ಮಳೆಗಾಲದಲ್ಲಿ ಅಲ್ಲಿ ಏನಿತ್ತೆಂಬ ಸುಳಿವೂ ಇರುವುದಿಲ್ಲ.

ಈ ಮೊಂಡು ಮರಗಳ ಚಿತ್ರಗಳು ಈಗ ಬೇಕಾದಷ್ಟು. ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟು, ಕಪ್ಪು ಫಿಲ್ಟರ್ ಹಾಕಿ, ಅಲೆಗಳನ್ನೆಲ್ಲ ಅಳಿಸಿ, ಬಿಳಿ ಹಾಳೆಯಂಥ ನೀರಿನ ಮೇಲೆ ಒಂದೇ ಒಂದು ಬೊಡ್ಡೆ. ನೋಡಲು ಸೊಗಸು. ಕೆನ್ನಾ ಪ್ರಭಾವ ಎದ್ದು ಕಾಣುತ್ತದೆ. ನನ್ನ ತಕರಾರು ಒಂದೇ. ಆ ನೀರಿನಡಿ ಗದ್ದೆಗಳಿದ್ದವು, ಊರುಗಳಿದ್ದವು. ಅಲ್ಲಿಂದ ಎದ್ದುಬಂದವರ ಮಕ್ಕಳು, ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿದ್ದಾರೆ. ಅಲೆಗಳನ್ನು ಅಳಿಸಿದಾಗ ಅದು ಯಾವ ದೇಶದ ಯಾವ ಕೆರೆಯೂ ಆಗಬಹುದಾದ ಚಿತ್ರವಾಗುತ್ತದೆ. ನಾನು ಶಟರ್ ಅಷ್ಟು ಹೊತ್ತು ತೆರೆದಿಡುವುದಿಲ್ಲ. ನೀರಿನ ಮೇಲೆ ಮಳೆಹನಿ ಬಿದ್ದ ಉಂಗುರಗಳು ಕಾಣಬೇಕು, ದಡದ ಕೆಮ್ಮಣ್ಣಿನಲ್ಲಿ ನೀರು ಇಳಿದ ಗೆರೆಗಳು ಒಂದರ ಕೆಳಗೊಂದು ಕಾಣಬೇಕು. ಆಗ ಅದು ಸಾಗರ ತಾಲ್ಲೂಕಿನ ಹಿನ್ನೀರು.

ಇದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ದಶಕಗಳ ಕಾಲ ಲಾಂಚಿಗಾಗಿ ಕಾದು ನಿಂತ ತುಮರಿ ಭಾಗದ ಜನಕ್ಕೆ ಅದು ಎಷ್ಟು ದೊಡ್ಡ ನೆಮ್ಮದಿ ಎಂಬುದು ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲು ಪರದಾಡಿದವರಿಗೆ ಗೊತ್ತು. ಲಾಂಚು ನಿಲ್ಲುತ್ತಿದ್ದ ಆ ದಡದಲ್ಲಿ ಹಿಂದಿನ ಗಜಿಬಿಜಿ ಈಗಿಲ್ಲ. ಸೇತುವೆಯ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ಲಾಂಚಿನ ದಡದಲ್ಲಿ ಟೀ ಮಾರುತ್ತಿದ್ದ ಗೂಡಂಗಡಿಯ ಚಿತ್ರ ಎಷ್ಟು ಜನರಲ್ಲಿದೆ? ಗಮನಿಸದೆ ಬಿಟ್ಟ ಜಾಗ ಎಂದು ನಾನು ಹೇಳುವುದು ಇಂಥದನ್ನೇ. ಹಾಳೂರೇ ಆಗಬೇಕಿಲ್ಲ; ಉಪಯೋಗ ಮುಗಿದ ಮಾರನೆಯ ದಿನವೇ ಒಂದು ಜಾಗ ಕಣ್ಣಿಂದ ಮರೆಯಾಗತೊಡಗುತ್ತದೆ.

ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ, ಗೊರೂರು ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಆ ಕಟ್ಟಡ ಈಗ ಮದುವೆ ಫೋಟೊಗಳ ಹಿನ್ನೆಲೆಯಾಗಿದೆ. ಅದರ ನೂರಾರು ಚಿತ್ರಗಳಿಗೆ ಇನ್ನೊಂದನ್ನು ಸೇರಿಸುವ ಬದಲು, ಅದೇ ಹಿನ್ನೀರಿನ ಬೇರೆ ದಡಗಳಲ್ಲಿ ಏನು ಉಳಿದಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ ಕೆಲಸ.

<b>ಬಯಲಿನ ಮೋಡ</b>

ಮಬ್ಬು ಹವೆ ಘಟ್ಟಕ್ಕೆ ಮೀಸಲಲ್ಲ. ಕೋಲಾರದ ಕಡೆ ಅದು ಬರುವುದು ಕಾರ್ತಿಕದಲ್ಲಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ. ಎರಡು ಮೂರು ದಿನ ಬಿಡದೆ ತುಂತುರು, ಥಂಡಿ ಗಾಳಿ. ಕೆಜಿಎಫ್ ನೋಡಲು ಅದೇ ಸರಿಯಾದ ಹೊತ್ತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಗಣಿ ಬಾಯಿಯ ಮೇಲಿನ ಕಬ್ಬಿಣದ ಗೋಪುರಗಳು, ಕಾರ್ಮಿಕರ ಸಾಲುಮನೆಗಳು, ಮತ್ತು ಚಿನ್ನ ತೆಗೆದು ಬಿಸಾಡಿದ ಸಯನೈಡ್ ದಿಬ್ಬಗಳು. ಬಿಸಿಲಿನಲ್ಲಿ ಆ ದಿಬ್ಬಗಳು ಕಣ್ಣು ಕುಕ್ಕುತ್ತವೆ, ಸಿನಿಮಾ ಸೆಟ್ಟಿನ ಹಾಗೆ. ಮೋಡದಡಿ ಅವುಗಳ ಮೈಮೇಲಿನ ಕೊರಕಲುಗಳೆಲ್ಲ ಎದ್ದು ಕಾಣುತ್ತವೆ. ಎಷ್ಟು ಮಳೆಗಾಲಗಳ ನೀರು ಅವುಗಳನ್ನು ಕೊಚ್ಚಿ ಕೆಳಗೆ ಒಯ್ದಿದೆ ಎಂಬುದೂ ಕಾಣುತ್ತದೆ. ಗಾಳಿಗಾಲದಲ್ಲಿ ಅವುಗಳ ದೂಳು ಮನೆಗಳ ಒಳಗೆ ಹೋಗುತ್ತದೆಂದು ಊರಿನವರು ವರ್ಷಗಳಿಂದ ಹೇಳುತ್ತಿದ್ದಾರೆ. ಆ ಮಾತನ್ನು ಚಿತ್ರ ಸಮರ್ಥಿಸಬೇಕಾದರೆ ದಿಬ್ಬ ಮತ್ತು ಮನೆ ಎರಡೂ ಒಂದೇ ಚೌಕಟ್ಟಿನೊಳಗೆ ಬರಬೇಕು.

ಗದಗ, ಧಾರವಾಡದ ಎರೆಹೊಲಗಳಲ್ಲಿ ಮೋಡ ಕಟ್ಟಿ ಮಳೆ ಬಾರದ ಸಂಜೆಗಳಿವೆ. ಕರಿ ನೆಲ, ಕರಿ ಮುಗಿಲು, ನಡುವೆ ಒಂದು ಬನ್ನಿಗಿಡ. ಅದನ್ನು ನೋಡಲು ಯಾರೂ ಟಿಕೆಟ್ ಕೊಂಡು ಹೋಗುವುದಿಲ್ಲ. ಹೋಗಬೇಕು.

ನಮ್ಮ ನಾಡಿನ ಛಾಯಾಗ್ರಹಣದ ಪರಂಪರೆ ಸಣ್ಣದಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡಿನ ಜೀವಗಳನ್ನು ಚಿತ್ರಿಸಿ ಜಗತ್ತಿನ ಗಮನ ಸೆಳೆದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕುಳಿತು ಹಕ್ಕಿಗಳನ್ನು ಚಿತ್ರಿಸಿದರು. ಅವರ ಹಿಂದೆ ಹೊರಟ ತರುಣರ ದೊಡ್ಡ ದಂಡೇ ಇದೆ. ಹುಲಿಗಾಗಿ, ಮಂಗಟ್ಟೆಗಾಗಿ ದಿನಗಟ್ಟಲೆ ಕಾಯುವ ತಾಳ್ಮೆ ನಮ್ಮವರಿಗೆ ಒಲಿದಿದೆ. ಅದೇ ತಾಳ್ಮೆಯಿಂದ ಒಂದು ಹಳೆಯ ರೈಲು ನಿಲ್ದಾಣದ ಮುಂದೆ, ಒಂದು ಕೆರೆಯ ತೂಬಿನ ಮುಂದೆ ಕಾಯುವವರು ಕಡಿಮೆ. ಜೀವಿಗಳಂತೆ ಜಾಗಗಳೂ ಅಳಿಯುತ್ತವೆ. ಅವುಗಳ ಪಟ್ಟಿ ಮಾತ್ರ ಯಾರೂ ಮಾಡುವುದಿಲ್ಲ.

<b>ಐವತ್ತರ ನೋಟಿನಲ್ಲಿ ಇಲ್ಲದ ಗೋಪುರ</b>

ಜನರಿಲ್ಲದ ಜಾಗದ ಚಿತ್ರಕ್ಕೆ ಏನು ಬೆಲೆ ಎಂದು ಕೇಳುವವರಿಗೆ ನಾನು ಹಂಪಿಯ ಉದಾಹರಣೆ ಕೊಡುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಗೆ ಬಂದು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಹಾಳುಗುಡಿಗಳನ್ನು ಸೆರೆಹಿಡಿದ. ಛಾಯಾಗ್ರಹಣ ಹುಟ್ಟಿ ಇನ್ನೂ ಎರಡು ದಶಕ ಆಗಿರಲಿಲ್ಲ. ಗಿಡಗಂಟಿ ಬೆಳೆದ, ಯಾರೂ ಗಮನಿಸದ ಕಲ್ಲುಗಳು ಆಗ ಅವು. ಆ ಚಿತ್ರಗಳಲ್ಲಿ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವೂ ಇದೆ. ನಾವು ಇವತ್ತು ಕಾಣುವ, ಐವತ್ತು ರೂಪಾಯಿಯ ನೋಟಿನ ಹಿಂದೆ ಅಚ್ಚಾಗಿರುವ ಅದೇ ರಥ. ಆದರೆ ಗ್ರೀನ್‌ಲಾ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ನಿಂತಿದೆ. ಮುಂದೆ ಅದು ಇಲ್ಲವಾಯಿತು. ಅಲ್ಲಿ ಅಂಥದ್ದೊಂದು ಇತ್ತೆಂದು ನಮ್ಮ ಕಣ್ಣಿಗೆ ತೋರಿಸಲು ಆ ಹಳೆಯ ಕಾಗದ ಬೇಕಾಯಿತು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಅದೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಏನು ಬಿತ್ತು, ಏನು ಉಳಿಯಿತು, ಯಾವುದನ್ನು ರಿಪೇರಿ ಮಾಡಿದರು ಎಂಬುದೆಲ್ಲ ತಿಳಿಯುತ್ತದೆ.

ನಮ್ಮ ಊರುಗಳಲ್ಲೂ ಇದನ್ನು ಮಾಡಬಹುದು. ಒಂದೇ ಜಾಗ, ಒಂದೇ ಕೋನ, ವರ್ಷ ಬಿಟ್ಟು ವರ್ಷ.

ಸಲಕರಣೆಯ ಬಗ್ಗೆ ಎರಡು ಮಾತು. ದುಬಾರಿ ಕ್ಯಾಮೆರಾ ಬೇಡ. ದೊಡ್ಡ ಕೊಡೆ, ಲೆನ್ಸ್ ಒರೆಸಲು ಒಣ ಹತ್ತಿಬಟ್ಟೆ, ಕ್ಯಾಮೆರಾ ಮುಚ್ಚಲು ಪ್ಲಾಸ್ಟಿಕ್ ಚೀಲ, ಗಟ್ಟಿ ಟ್ರೈಪಾಡ್ ಇದ್ದರೆ ಸಾಕು. ಒದ್ದೆ ಎಲೆ, ಒದ್ದೆ ಬಂಡೆಗಳ ಹೊಳಪು ಬಣ್ಣವನ್ನು ನುಂಗುತ್ತದೆ. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಹಸಿರು ಮರಳುತ್ತದೆ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಆದ್ದರಿಂದ ಕಿಟಕಿ ಇಳಿಸಿಕೊಂಡೇ ಬನ್ನಿ. ನಿಜವಾದ ಶತ್ರು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನೊಳಗೆ ಜೇಡರಬಲೆಯಂತೆ ಶಿಲೀಂಧ್ರ ಹಬ್ಬುತ್ತದೆ, ಆಮೇಲೆ ಅದು ಹೋಗುವುದು ಕಷ್ಟ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಅದಕ್ಕಿಂತ ಒಳ್ಳೆಯದು ದಿನವೂ ಬಳಸುವುದು. ಇಂಬಳಕ್ಕೆ ಉಪ್ಪು, ಸುಣ್ಣ, ನಶ್ಯ ಯಾವುದಾದರೂ ಸರಿ.

ಅಪಾಯಗಳನ್ನೂ ಹೇಳಬೇಕು. ನೀರಿಳಿದ ಹಿನ್ನೀರಿನ ಅಂಗಳ ಮೇಲೆ ಒಣಗಿದಂತಿದ್ದರೂ ಅಡಿಯಲ್ಲಿ ಮೊಣಕಾಲುದ್ದ ಕೆಸರಿರುತ್ತದೆ. ಹಾಳುಬಿದ್ದ ಕಟ್ಟಡದ ಮಣ್ಣಿನ ಗೋಡೆ ಮಳೆಯಲ್ಲೇ ಕುಸಿಯುವುದು. ಮಂಜಿನಲ್ಲಿ ಕಾಡುಕೋಣ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ, ಹೋಗುವ ಜಾಗವನ್ನು ಯಾರಿಗಾದರೂ ಹೇಳಿ ಹೊರಡಿ.

ಇನ್ನೊಂದು ಅಪಾಯ ಜಾಗಕ್ಕೆ, ನಮ್ಮಿಂದ ಆಗುವಂಥದ್ದು. ಹೊಕ್ಕೈಡೊದ ಬಿಯೆ ಎಂಬಲ್ಲಿ ಹೊಲವೊಂದರ ನಡುವೆ ವಾಲಿ ನಿಂತಿದ್ದ ಪಾಪ್ಲರ್ ಮರ ಚಿತ್ರಗಳಿಂದಲೇ ಪ್ರಸಿದ್ಧವಾಯಿತು. ‘ದಾರ್ಶನಿಕ ಮರ’ ಎಂದು ಜನ ಹೆಸರಿಟ್ಟರು. ಫೋಟೊ ತೆಗೆಯಲು ಬಂದವರು ಬೆಳೆ ತುಳಿದು ಹೊಲದೊಳಗೆ ನುಗ್ಗುವುದು ನಿಲ್ಲಲಿಲ್ಲ. ಬೇಸತ್ತ ರೈತ 2016ರ ಫೆಬ್ರವರಿಯಲ್ಲಿ ಆ ಮರವನ್ನು ಉರುಳಿಸಿದ. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಆಮೇಲೆ ಚಾರಣಕ್ಕೇ ತಡೆ ಬಿತ್ತು. ನಿರ್ಜನವಾಗಿರುವುದೇ ಒಂದು ಜಾಗದ ಗುಣವಾಗಿದ್ದರೆ, ಅದರ ನಕ್ಷೆಯನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚುವವರು ಆ ಗುಣವನ್ನೇ ಕೆಡಿಸುತ್ತಾರೆ. ಚಿತ್ರ ಹಂಚಿ, ಹೋಗುವ ದಾರಿ ಬೇಡ. ಆದರೆ ನಿಮ್ಮ ದಾಖಲೆಯಲ್ಲಿ ಊರು, ದಿನ, ಎಲ್ಲವೂ ಇರಲಿ.

ಇಂಥ ದಾಖಲೆಗಾಗಿ ದೂರ ಹೋಗಬೇಕಿಲ್ಲ. ಈ ಆಷಾಢದಲ್ಲಿ ಮೋಡ ಇಳಿದ ಒಂದು ಭಾನುವಾರ ನಿಮ್ಮದೇ ತಾಲ್ಲೂಕಿನಲ್ಲಿ ಹೊರಡಿ. ಬಳಕೆ ತಪ್ಪಿದ ಬಸ್ ತಂಗುದಾಣ, ಮುಚ್ಚಿದ ಟಾಕೀಸು, ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆ, ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲು, ರಸ್ತೆ ಅಗಲೀಕರಣಕ್ಕೆ ಗುರುತು ಹಾಕಿದ ಮರ ನೋಡಿ. ಯಾವುದಾದರೂ ಒಂದನ್ನು ಆರಿಸಿ ಚಿತ್ರ ತೆಗೆಯಿರಿ. ಮೊಬೈಲಿನಲ್ಲೇ ಬಿಟ್ಟರೆ ಅದು ಫೋನಿನ ಜೊತೆಗೇ ಹೋಗುತ್ತದೆ. ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಊರಿನ ಹೆಸರು, ಜಾಗದ ಹೆಸರು, ತಾರೀಕು, ಅಲ್ಲಿ ಮೊದಲು ಏನು ನಡೆಯುತ್ತಿತ್ತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಇನ್ನೊಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ.